ಕುದುರೆ ಹತ್ತಿರ ಹೋದರೆ ಟೆನ್ಷನ್ ಕಡಿಮೆ ಆಗ್ತದಾ?

"ಎಂತ ಮಾರಾಯ್ತಿ, ಕುದುರೆ ಹತ್ತಿರ ಹೋದ್ರೆ ಟೆನ್ಷನ್ ಕಡಿಮೆ ಆಗ್ತದಂತೆ, ಹೌದಾ?" ಮದುವೆ ಊಟದ ಪಂಕ್ತಿಯಲ್ಲಿ ಕೇಳುತ್ತಾರೆ, ಆಫೀಸಿನಲ್ಲಿ ಚಹಾದ ಹೊತ್ತಿಗೆ ಕೇಳುತ್ತಾರೆ. ಮಂಗಳೂರಿನ ಹೊರಗೆ ಒಂದು ಸಣ್ಣ ಲಾಯಕ್ಕೆ ಭಾನುವಾರ ಹೋಗುವ ಅಭ್ಯಾಸ ನನಗೆ ಉಂಟು. ಅದು ಗೊತ್ತಿರುವವರೆಲ್ಲ ಒಂದಲ್ಲ ಒಂದು ದಿನ ಈ ಪ್ರಶ್ನೆಗೆ ಬಂದೇ ಬರುತ್ತಾರೆ. ಜೊತೆಗೆ ಒಂದು ಮಾತನ್ನೂ ಸೇರಿಸುತ್ತಾರೆ: "ಕುದುರೆಗೆ ನಿನ್ನೆಯೂ ಇಲ್ಲ, ನಾಳೆಯೂ ಇಲ್ಲ. ಈ ಕ್ಷಣದಲ್ಲೇ ಇರ್ತದೆ. ನಾವೂ ಹಾಗೆ ಇರಬೇಕು." ಬೆಳಿಗ್ಗೆ ಫ್ಯಾಮಿಲಿ ಗ್ರೂಪಿಗೆ ಬರುವ ಶುಭೋದಯದ ಚಿತ್ರಗಳ ಮೇಲೆ ಬರೆದಿರುತ್ತದಲ್ಲ, ಆ ಜಾತಿಯ ಮಾತು.

ನನ್ನ ಉತ್ತರ ಅರ್ಧ ಹೌದು. ಕುದುರೆ ಈ ಕ್ಷಣದಲ್ಲಿ ಇರುತ್ತದೆ ಅನ್ನುವುದು ನಿಜ. ಆದರೆ ಅದಕ್ಕೆ ಕಾರಣ ಶಾಂತಿ ಅಂತ ತಿಳಿದುಕೊಂಡರೆ ಕೆಟ್ಟಿತು. ಕಾರಣ ಹೆದರಿಕೆ.

ಕುದುರೆ ಎಷ್ಟು ದೊಡ್ಡದಿದ್ದರೂ ಹುಟ್ಟಿನಿಂದ ಬೇರೆ ಪ್ರಾಣಿಗೆ ಆಹಾರವಾಗುವ ಜೀವ. ಅದರ ಮೈಯೆಲ್ಲ ಕಾವಲಿಗೇ ಮಾಡಿಟ್ಟಂತಿದೆ. ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿರುವುದರಿಂದ ಸುತ್ತಲಿನ 360 ಡಿಗ್ರಿಯಲ್ಲಿ ಸುಮಾರು 350 ಡಿಗ್ರಿ ಕಾಣುತ್ತದೆ. ಕಾಣದ ಜಾಗ ಹಣೆಯ ನೇರ ಮುಂದೆ ಒಂದಿಷ್ಟು, ಬಾಲದ ಹಿಂದೆ ಒಂದಿಷ್ಟು. ಒಂದು ಕಿವಿ ನಿಮ್ಮ ಕಡೆ ಇದ್ದರೆ ಇನ್ನೊಂದು ರಸ್ತೆಯ ಕಡೆ ತಿರುಗಿರುತ್ತದೆ. ದಿನಕ್ಕೆ ನಿದ್ದೆ ಸುಮಾರು 3 ಗಂಟೆ, ಅದೂ ಹೆಚ್ಚಿನದು ನಿಂತುಕೊಂಡೇ. ಕಾಲಿನ ಸ್ನಾಯುಗಳೂ ಅವನ್ನು ಮೂಳೆಗೆ ಕಟ್ಟುವ ತಂತುಗಳೂ ಬಿಗಿದು ನಿಲ್ಲುವ ವ್ಯವಸ್ಥೆ ಇರುವುದರಿಂದ ಬೀಳುವುದಿಲ್ಲ. ಗಾಢ ನಿದ್ದೆಗೆ ಮಾತ್ರ ಮಲಗಲೇಬೇಕು. ಹತ್ತಿರದಲ್ಲಿ ನಂಬಿಕೆಯ ಜೊತೆಗಾರ ಇದ್ದರೆ ಮಲಗುತ್ತದೆ, ಇಲ್ಲದಿದ್ದರೆ ಹಿಂಜರಿಯುತ್ತದೆ. ಗಾಳಿಗೆ ಒಂದು ಟರ್ಪಾಲು ಪಟಪಟ ಅಂದರೆ ಸಾಕು, ನಾನೂರು ಐನೂರು ಕಿಲೋ ತೂಕದ ಪ್ರಾಣಿ ಒಂದೇ ಹಾರಿಗೆ ಬದಿಗೆ ಸರಿದಿರುತ್ತದೆ. ಇದನ್ನು ಋಷಿ ಅಂತ ಕರೆಯುವುದು ಹೇಗೆ?

ಹಾಗಾದರೆ ನನಗೆ ಅಲ್ಲಿ ಸಿಗುವುದು ಏನು ಅಂದರೆ, ಆ ಕಾವಲಿನ ಪಟ್ಟಿಯಲ್ಲಿ ನಾನೂ ಇದ್ದೇನೆ. ಕುದುರೆ ನನ್ನನ್ನೂ ಓದುತ್ತಿರುತ್ತದೆ.

ನೂರು ವರ್ಷಕ್ಕೂ ಹಿಂದೆ ಬರ್ಲಿನ್‌ನಲ್ಲಿ ಹಾನ್ಸ್ ಅಂತ ಒಂದು ಕುದುರೆ ಇತ್ತು. ಅದರ ಯಜಮಾನ ಗಣಿತದ ಮೇಷ್ಟ್ರು. ಕೂಡುವ, ಕಳೆಯುವ ಲೆಕ್ಕ ಕೊಟ್ಟರೆ ಹಾನ್ಸ್ ಗೊರಸಿನಿಂದ ನೆಲ ಬಡಿದು ಉತ್ತರ ಹೇಳುತ್ತಿತ್ತು. ಜನ ಮರುಳಾದರು. 1907ರಲ್ಲಿ ಆಸ್ಕರ್ ಫುಂಗ್ಸ್ಟ್ ಅನ್ನುವವರು ಕೂತು ಪರೀಕ್ಷೆ ಮಾಡಿದಾಗ ಗುಟ್ಟು ಹೊರಬಿತ್ತು. ಕೇಳುವವರಿಗೆ ಉತ್ತರ ಗೊತ್ತಿಲ್ಲದಿದ್ದರೆ ಕುದುರೆಗೂ ಗೊತ್ತಿರುತ್ತಿರಲಿಲ್ಲ. ಸರಿಯಾದ ಸಂಖ್ಯೆ ಬಂದ ಕೂಡಲೇ ಕೇಳುವವರ ತಲೆ ಚೂರೇ ಚೂರು ಅಲುಗುತ್ತಿತ್ತು. ಹಾನ್ಸ್ ಅಲ್ಲಿಗೆ ನಿಲ್ಲಿಸುತ್ತಿತ್ತು. ತಲೆ ಅಲುಗಿದ್ದು ಸ್ವತಃ ಅವರಿಗೇ ಗೊತ್ತಿರಲಿಲ್ಲ. ಇದನ್ನು ಮೋಸ ಬಯಲಾದ ಕಥೆ ಅಂತ ಹೇಳುವವರು ಜಾಸ್ತಿ. ನನಗೆ ಮಾತ್ರ ಲೆಕ್ಕ ಬರುವುದಕ್ಕಿಂತ ಇದೇ ದೊಡ್ಡ ಬುದ್ಧಿ ಅನ್ನಿಸುತ್ತದೆ.

ಇನ್ನೊಂದು ಪ್ರಯೋಗ ಮಳೆಯ ಊರಿನವರಾದ ನಮಗೆ ಹೇಳಿ ಮಾಡಿಸಿದ್ದು. 2009ರಲ್ಲಿ ಪ್ರಕಟವಾದದ್ದು, ಸ್ವೀಡನ್‌ನದ್ದು. ಜನರಿಗೆ ಕುದುರೆಯನ್ನು ಇಲ್ಲಿಂದ ಅಲ್ಲಿಗೆ ನಡೆಸಿಕೊಂಡು ಹೋಗಲು ಹೇಳಿದರು. ಕೆಲವರು ಹತ್ತಿ ಸವಾರಿ ಮಾಡಿದರು. ಮೂರು ಸಲ ಸುಮ್ನೆ ಹೋಗಿ ಬಂದರು. ನಾಲ್ಕನೇ ಸಲಕ್ಕೆ ಮುಂಚೆ, "ಈ ಸಲ ನೀವು ಹೋಗುವಾಗ ಒಂದು ಕೊಡೆ ಬಿಚ್ಚುತ್ತೇವೆ" ಅಂದರು. ಮನುಷ್ಯರ ಎದೆಬಡಿತ ಏರಿತು. ಕುದುರೆಯದ್ದೂ ಏರಿತು. ಕೊಡೆಯನ್ನು ಯಾರೂ ಬಿಚ್ಚಲೇ ಇಲ್ಲ! ಸುಮ್ಮನೆ ನಿಂತ ಕುದುರೆಯ ಎದೆಬಡಿತ ನಿಮಿಷಕ್ಕೆ 28ರಿಂದ 44, ನಮ್ಮದಕ್ಕಿಂತ ತುಂಬ ನಿಧಾನ. ಅಂಥ ಎದೆಯನ್ನು ಬರೇ ನಮ್ಮ ತಲೆಯೊಳಗಿನ ಕೊಡೆ ಓಡಿಸಿಬಿಟ್ಟಿತು.

ನನ್ನದು ಲೆಕ್ಕಪತ್ರದ ಕೆಲಸ. ತಿಂಗಳ 20ನೇ ತಾರೀಕಿಗೆ ಜಿಎಸ್‌ಟಿ ರಿಟರ್ನ್, ಮಾರ್ಚಿಗೆ ವರ್ಷದ ಕೊನೆ, ಸೆಪ್ಟೆಂಬರಿಗೆ ಆಡಿಟ್. ತಲೆಯೊಳಗೆ ಯಾವಾಗಲೂ ಒಂದು ಕೊಡೆ ಬಿಚ್ಚಲು ಕಾದಿರುತ್ತದೆ. 19ನೇ ತಾರೀಕು ಭಾನುವಾರ ಬಂದರೆ ನನ್ನ ಕೈಯಲ್ಲಿ ಹಗ್ಗ, ಮನಸ್ಸಿನಲ್ಲಿ ಕಕ್ಷಿದಾರರ ಬಾಕಿ ಬಿಲ್ಲು. ಆಗ ಹೆಣ್ಣುಕುದುರೆ ಕತ್ತು ಎತ್ತುತ್ತದೆ, ನಡೆಯಲು ಒಲ್ಲೆ ಅನ್ನುತ್ತದೆ. ಲಾಯ ನೋಡಿಕೊಳ್ಳುವ ಅಣ್ಣ ದೂರದಿಂದಲೇ, "ಅಕ್ಕ, ಉಸಿರು ಬಿಡಿ" ಅನ್ನುತ್ತಾನೆ. ನಾನು ಉಸಿರು ಹಿಡಿದಿದ್ದೇನೆ ಅಂತ ಅವನಿಗೆ ಗೊತ್ತಾಗುವುದು ಕುದುರೆಯನ್ನು ನೋಡಿ, ನನ್ನನ್ನು ನೋಡಿ ಅಲ್ಲ. ಉಸಿರು ಬಿಟ್ಟು, ಭುಜ ಇಳಿಸಿ, ಎಲ್ಲಿಗೆ ಹೋಗಬೇಕೋ ಅತ್ತ ನೋಡಿದರೆ ಅದು ಹೊರಡುತ್ತದೆ. ಮತ್ತೆ ಬಿಲ್ಲಿನ ಕಡೆ ಹೋದೆನೋ, ಮತ್ತೆ ನಿಲ್ಲುತ್ತದೆ. ಧ್ಯಾನದ ಕ್ಲಾಸಿನಲ್ಲಿ ಕಣ್ಣು ಮುಚ್ಚಿ ಕೂತು ರಿಟರ್ನ್ ಲೆಕ್ಕ ಹಾಕಿದರೆ ಪಕ್ಕದವರಿಗೆ ಗೊತ್ತಾಗುವುದಿಲ್ಲ. ಇಲ್ಲಿ ಆ ಸೌಕರ್ಯ ಇಲ್ಲ.

ಇನ್ನು "ನಿನ್ನೆ ಇಲ್ಲ, ನಾಳೆ ಇಲ್ಲ" ಅನ್ನುವ ಮಾತು. ಅದು ಶುದ್ಧ ಸುಳ್ಳು. 2018ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ಮತ್ತು ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದವರು ಕುದುರೆಗಳಿಗೆ ಒಬ್ಬ ಮನುಷ್ಯನ ಸಿಟ್ಟಿನ ಮುಖದ ಅಥವಾ ನಗುಮುಖದ ಫೋಟೋ ತೋರಿಸಿದರು. ಕೆಲವು ಗಂಟೆ ಬಿಟ್ಟು ಅದೇ ಮನುಷ್ಯ ಸಿಟ್ಟೂ ನಗುವೂ ಇಲ್ಲದ ಮುಖ ಮಾಡಿಕೊಂಡು ಎದುರು ಬಂದು ನಿಂತ. ಯಾವ ಫೋಟೋ ತೋರಿಸಿದ್ದಾರೆ ಅಂತ ಅವನಿಗೂ ಹೇಳಿರಲಿಲ್ಲ. ಆದರೂ ಸಿಟ್ಟಿನ ಫೋಟೋ ನೋಡಿದ ಕುದುರೆಗಳು ಅವನನ್ನು ಎಡಗಣ್ಣಿನಿಂದ ಜಾಸ್ತಿ ನೋಡಿದವು. ಅಪಾಯ ಅನ್ನಿಸಿದ್ದನ್ನು ಕುದುರೆ ಎಡಗಣ್ಣಿನಿಂದ ನೋಡುವುದು ಹೆಚ್ಚು. ಅಂದರೆ ಬೆಳಗ್ಗಿನ ಸಿಟ್ಟು ಮಧ್ಯಾಹ್ನಕ್ಕೂ ನೆನಪಿತ್ತು. 2024ರಲ್ಲಿ ನಾಟಿಂಗ್‌ಹ್ಯಾಮ್ ಟ್ರೆಂಟ್ ವಿಶ್ವವಿದ್ಯಾಲಯದವರು ಇನ್ನೊಂದು ತೋರಿಸಿದರು. ತಿಂಡಿ ಸಿಗುವ ಒಂದು ಆಟದಲ್ಲಿ ನಿಯಮ ಮುರಿದರೆ ಸ್ವಲ್ಪ ಹೊತ್ತು ಆಟವೇ ಬಂದ್ ಅಂತ ಮಾಡಿದ ಕೂಡಲೇ ಕುದುರೆಗಳು ದಾರಿಗೆ ಬಂದವು. ಮುಂದೆ ಏನಾಗುತ್ತದೆ ಅನ್ನುವ ಅಂದಾಜು ಇಲ್ಲದೆ ಅದು ಆಗುವುದಲ್ಲ. ಅಷ್ಟು ದೂರ ಯಾಕೆ, ಬೇಯಿಸಿದ ಹುರುಳಿಯ ಬಕೆಟ್ ಸದ್ದು ಮಾಡಿ ನೋಡಿ. ನಾಳೆ ಇಲ್ಲದ ಪ್ರಾಣಿ ಹಾಗೆ ಕೆನೆಯುತ್ತದಾ? ಒಂಟಿಯಾಗಿ ದಿನವಿಡೀ ಕಟ್ಟಿಹಾಕಿದ ಕುದುರೆ ಕಂಬ ಕಚ್ಚಿ ಗಾಳಿ ನುಂಗುವ, ನಿಂತಲ್ಲೇ ತೂಗಾಡುವ ಚಟ ಹಿಡಿಸಿಕೊಳ್ಳುತ್ತದೆ. ಅದನ್ನು ಒಮ್ಮೆ ನೋಡಿದವರು ಕುದುರೆಗೆ ಚಿಂತೆ ಇಲ್ಲ ಅಂತ ಆಮೇಲೆ ಹೇಳಲಾರರು.

ಅದಕ್ಕೆ ಇಲ್ಲದ್ದು, ನಾನು ನೋಡಿದ ಮಟ್ಟಿಗೆ, ಒಂದೇ. ಮುಗಿದದ್ದನ್ನು ಮತ್ತೆ ಮತ್ತೆ ತಿರುವಿ ಹಾಕುವ ಕೆಲಸ. ಟರ್ಪಾಲಿಗೆ ಹಾರಿದ ಕುದುರೆ ಅತ್ತ ನೋಡುತ್ತದೆ, ಮೂಗಿನಿಂದ ಒಮ್ಮೆ ಬುಸ್ ಅನ್ನುತ್ತದೆ, ಬಾಯಿ ಚಪ್ಪರಿಸುತ್ತದೆ, ತಲೆ ಬಗ್ಗಿಸಿ ಹುಲ್ಲಿಗೆ ಹಿಂದಿರುಗುತ್ತದೆ. ಟರ್ಪಾಲು ನೆನಪಿರುತ್ತದೆ, ನಾಳೆ ಅಲ್ಲಿಗೆ ಬಂದಾಗ ಕಿವಿ ನಿಮಿರುತ್ತದೆ. ಆದರೆ ಈಗ ಹುಲ್ಲು. ನಾನಾದರೆ ರಾತ್ರಿ ಎರಡು ಗಂಟೆಗೆ ಎದ್ದು, "ಆಗ ಹಾಗೆ ಹಾರಬಾರದಿತ್ತು, ನೋಡಿದವರು ಎಂತ ಅಂದುಕೊಂಡರೋ" ಅಂತ ಕೊರಗುತ್ತಿದ್ದೆ. ಇದನ್ನು ಕುದುರೆಯಿಂದ ಪೂರ್ತಿ ಕಲಿತೆ ಅಂತ ಹೇಳಿದರೆ ಮನೆಯವರು ನಗುತ್ತಾರೆ. ಆದರೂ ಬೈಸಿಕೊಂಡ ಫೋನ್ ಕರೆ ಮುಗಿದ ಮೇಲೆ ಒಮ್ಮೆ ಜೋರಾಗಿ ಉಸಿರು ಬಿಟ್ಟು ಮುಂದಿನ ಕಡತಕ್ಕೆ ಕೈ ಹಾಕುವುದು ಈಗ ಸ್ವಲ್ಪ ರೂಢಿಯಾಗಿದೆ.

"ನಮ್ಮ ಊರಿಗೂ ಕುದುರೆಗೂ ಎಂತ ಸಂಬಂಧ, ಕೋಣ ಸಾಲದಾ?" ಅಂತಲೂ ಕೇಳುತ್ತಾರೆ. ಕೋಣ ಸಾಕುವವರ ಹತ್ತಿರ ನನ್ನ ತಕರಾರಿಲ್ಲ. ಕಂಬಳದ ಕೋಣವೂ ಹಗ್ಗ ಹಿಡಿದವನ ಮನಸ್ಸು ತಿಳಿಯುತ್ತದೆ ಅಂತ ಅವರು ಹೇಳಿದರೆ ನಂಬುತ್ತೇನೆ. ಆದರೆ ಕುದುರೆ ಈ ಕರಾವಳಿಗೆ ಹೊಸದಲ್ಲ. ವಿಜಯನಗರದ ಸೈನ್ಯಕ್ಕೆ ಬೇಕಾದ ಕುದುರೆಗಳು ಅರಬ್ಬಿ ಸಮುದ್ರ ದಾಟಿ ಪಶ್ಚಿಮ ಕರಾವಳಿಯ ಬಂದರುಗಳಲ್ಲೇ ಇಳಿಯುತ್ತಿದ್ದವು. ಸಾಳುವ ನರಸಿಂಹ ಅವುಗಳನ್ನು ಹೋರ್ಮುಜ್, ಏಡನ್‌ಗಳಿಂದ ತರಿಸುತ್ತಿದ್ದ. ಹಡಗಿನಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಪೂರ್ತಿ ಹಣ ಕೊಡುತ್ತಿದ್ದ ಅಂತ ಪೋರ್ಚುಗೀಸ್ ಬರಹಗಾರ ನೂನಿಜ್ 16ನೇ ಶತಮಾನದಲ್ಲಿ ಬರೆದಿದ್ದಾನೆ. ಬರೇ ಬಾಲಕ್ಕೆ! ನಮ್ಮ ದೈವಸ್ಥಾನಗಳಲ್ಲಿ ಮರದ ಕುದುರೆ ನೋಡದವರು ಯಾರಿದ್ದಾರೆ?

ಕೊನೆಗೆ ಎಲ್ಲರೂ ಕೇಳುವುದು, "ನಾನೂ ಬರಬಹುದಾ?" ಬನ್ನಿ. ಆದರೆ ಪಣಂಬೂರಿನಲ್ಲೋ ಮಲ್ಪೆಯಲ್ಲೋ ಬೀಚಿನ ಕುದುರೆ ಹತ್ತಿ ಫೋಟೋ ತೆಗೆಸಿಕೊಂಡು, "ನನಗೇನೂ ಆಗಲಿಲ್ಲ" ಅನ್ನಬೇಡಿ. ಅಲ್ಲಿ ಹಗ್ಗ ಇನ್ನೊಬ್ಬರ ಕೈಯಲ್ಲಿರುತ್ತದೆ, ಕುದುರೆ ಓದುವುದು ಅವರನ್ನು. ಹತ್ತುವುದಕ್ಕೆ ಅವಸರ ಬೇಡ. ಮೊದಲು ಬ್ರಷ್ ಹಿಡಿದು ಮೈ ಉಜ್ಜಿ, ಗೊರಸು ಎತ್ತಿ ಕೆಸರು ತೆಗೆಯಿರಿ. ನಮ್ಮ ಮಳೆಗಾಲದಲ್ಲಿ ಈ ಕೆಲಸಕ್ಕೆ ಬರಗಾಲವಿಲ್ಲ, ಒದ್ದೆ ನೆಲದಲ್ಲಿ ನಿಂತರೆ ಗೊರಸಿನ ಅಡಿ ಕೊಳೆಯುತ್ತದೆ, ದಿನವೂ ಸ್ವಚ್ಛ ಮಾಡಲೇಬೇಕು. ಚಪ್ಪಲಿ ಹಾಕಿಕೊಂಡು ಬಂದರೆ ವಾಪಸ್ ಕಳಿಸುತ್ತಾರೆ, ಬೂಟು ಬೇಕು. ಮೊಬೈಲ್ ಸ್ಕೂಟರಿನ ಡಿಕ್ಕಿಯಲ್ಲಿರಲಿ. ಹಿಂದಿನಿಂದ ಬರಬೇಡಿ, ಭುಜದ ಕಡೆಯಿಂದ, ಮಾತಾಡುತ್ತಾ ಬನ್ನಿ. ತುಳು, ಕೊಂಕಣಿ, ಕನ್ನಡ, ಯಾವುದಾದರೂ ಆದೀತು. ಕೊಡೆ ಮಾತ್ರ ಗೇಟಿನ ಹೊರಗೇ ಮಡಚಿ.