ನೀರಿನಲ್ಲಿ ಕರಗಿದ ಆಮ್ಲಜನಕ: ಬಾಟಲಿ ತುಂಬುವಾಗಲೇ ಲೆಕ್ಕ ತಪ್ಪುತ್ತದೆ

ಹೊಳೆಯ ನೀರಿನಲ್ಲಿ ಕರಗಿದ ಆಮ್ಲಜನಕ ಅಳೆಯಲು ವಿಂಕ್ಲರ್ ವಿಧಾನ (ರಾಸಾಯನಿಕ ಬೆರೆಸಿ ಅಳೆಯುವ ಹಳೆಯ ಕ್ರಮ) ಇಂದಿಗೂ ನಂಬಿಕಸ್ಥ. ಆದರೆ ಹೆಚ್ಚಿನ ತಪ್ಪುಗಳು ಪ್ರಯೋಗಾಲಯದಲ್ಲಲ್ಲ, ದಡದಲ್ಲೇ ಆಗುತ್ತವೆ.

300 ಮಿ.ಲೀ. ಬಿಒಡಿ ಬಾಟಲಿಯನ್ನು (ಆಮ್ಲಜನಕ ಪರೀಕ್ಷೆಗೆಂದೇ ಇರುವ, ಬಿಗಿ ಗಾಜಿನ ಮುಚ್ಚಳದ ಬಾಟಲಿ) ಮೇಲಿನಿಂದ ಸುರಿದು ತುಂಬಬೇಡಿ, ಗಾಳಿ ಬೆರೆಯುತ್ತದೆ. ಕೊಳವೆಯ ತುದಿ ತಳ ಮುಟ್ಟಿರಲಿ. ನೀರು ಎರಡು ಮೂರು ಬಾಟಲಿಯಷ್ಟು ಉಕ್ಕಿ ಹರಿಯಲಿ. ಮುಚ್ಚಳದಡಿ ಒಂದು ಗುಳ್ಳೆ ಉಳಿದರೂ ಆ ಮಾದರಿ ಚೆಲ್ಲಿಬಿಡಿ.

ಅಲ್ಲೇ 2 ಮಿ.ಲೀ. ಮ್ಯಾಂಗನೀಸ್ ಸಲ್ಫೇಟ್, ನಂತರ 2 ಮಿ.ಲೀ. ಕ್ಷಾರೀಯ ಅಯೊಡೈಡ್-ಅಜೈಡ್ ಹಾಕಿ, ಮುಚ್ಚಿ, ತಲೆಕೆಳಗು ಮಾಡಿ ಕಲಕಿ. ಕಂದು ಗಸಿ ಬಂದರೆ ಆಮ್ಲಜನಕ ಇದೆ; ಅಚ್ಚ ಬಿಳಿಯಾದರೆ ಇಲ್ಲವೇ ಇಲ್ಲ. ಗಸಿ ಅರ್ಧ ಬಾಟಲಿಗೆ ಇಳಿದ ಮೇಲೆ 2 ಮಿ.ಲೀ. ಸಾಂದ್ರ ಗಂಧಕಾಮ್ಲ ಹಾಕಿ; ಗಸಿ ಕರಗಿ, ಆಮ್ಲಜನಕಕ್ಕೆ ತಕ್ಕಷ್ಟು ಅಯೊಡಿನ್ ಹೊರಬರುತ್ತದೆ. ಕೈಗವಸು, ಕನ್ನಡಕ ಬೇಕೇಬೇಕು: ಅಜೈಡ್ ವಿಷ, ಆಮ್ಲ ಸುಡುತ್ತದೆ.

ಈ ಅಯೊಡಿನ್ ಅಳೆಯುವ ಟೈಟ್ರೇಷನ್‌ಗೆ (ಥಯೊಸಲ್ಫೇಟ್ ದ್ರಾವಣವನ್ನು ಹನಿಹನಿಯಾಗಿ ಹಾಕುವುದು) 203 ಮಿ.ಲೀ. ತೆಗೆದುಕೊಳ್ಳಿ. ಮೊದಲು ಹಾಕಿದ ಎರಡು ದ್ರಾವಣಗಳು ಹೊರದೂಡಿದ ನೀರಿನ ಲೆಕ್ಕ ಸೇರಿಸಿದರೆ ಇದು ಮೂಲ ಮಾದರಿಯ 200 ಮಿ.ಲೀ.ಗೆ ಸಮ. 0.025 ನಾರ್ಮಲ್ (ಸಾಂದ್ರತೆಯ ಅಳತೆ) ಥಯೊಸಲ್ಫೇಟ್‌ನ ಪ್ರತಿ 1 ಮಿ.ಲೀ.ಗೆ ಲೀಟರಿಗೆ 1 ಮಿ.ಗ್ರಾಂ. ಆಮ್ಲಜನಕ. ಪಿಷ್ಟದ ದ್ರಾವಣವನ್ನು ಬಣ್ಣ ತಿಳಿಹಳದಿಗೆ ಇಳಿದ ಮೇಲಷ್ಟೇ ಹಾಕಿ. ಮೊದಲೇ ಹಾಕಿದರೆ ಅಯೊಡಿನ್ ಅದಕ್ಕೆ ಅಂಟಿಕೊಂಡು ಕೊನೆಯ ಬಿಂದು (ನೀಲಿ ಬಣ್ಣ ಮಾಯವಾಗುವ ಕ್ಷಣ) ಮಸುಕಾಗುತ್ತದೆ.

ಸಮಯ, ಉಷ್ಣಾಂಶ ಬರೆಯದ ಫಲಿತಾಂಶಕ್ಕೆ ನನ್ನ ದೃಷ್ಟಿಯಲ್ಲಿ ಬೆಲೆಯಿಲ್ಲ. ಸಮುದ್ರಮಟ್ಟದಲ್ಲಿ ಶುದ್ಧ ನೀರು 20 ಡಿಗ್ರಿಯಲ್ಲಿ ಸುಮಾರು 9.1, 30 ಡಿಗ್ರಿಯಲ್ಲಿ ಸುಮಾರು 7.6 ಮಿ.ಗ್ರಾಂ. ಆಮ್ಲಜನಕವನ್ನು ಮಾತ್ರ ಪ್ರತಿ ಲೀಟರಿನಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಪಾಚಿ ತುಂಬಿದ ಕೆರೆ ಮಧ್ಯಾಹ್ನ ಆರೋಗ್ಯವಾಗಿ ಕಂಡರೂ ರಾತ್ರಿಯಿಡೀ ಪಾಚಿಯೂ ಆಮ್ಲಜನಕ ಬಳಸುವುದರಿಂದ ಮೀನು ಸಾಯುವುದು ನಸುಕಿನಲ್ಲಿ; ಮಾದರಿಯನ್ನು ಸೂರ್ಯ ಹುಟ್ಟುವ ಮೊದಲೇ ತೆಗೆಯಿರಿ.