ಬಳಪದ ಕಲ್ಲಿನ ತ್ಸಾಥೊಗ್ಗುವಾ: ಹೊಟ್ಟೆ ಮುಗಿಯಿತು, ಈಗ ರೆಪ್ಪೆ

ಹೊಟ್ಟೆಯ ಕೆಲಸ ಮುಗಿಯಿತು. ಈಗ ಮುಖಕ್ಕೆ ಕೈ ಹಾಕಿದ್ದೇನೆ.

ಹೊಸದಾಗಿ ಓದುತ್ತಿರುವವರಿಗೆ ಎರಡು ಮಾತು. ನಾನು ಕೆತ್ತುತ್ತಿರುವುದು ತ್ಸಾಥೊಗ್ಗುವಾ ಎಂಬ ದೇವರನ್ನು. ಅಮೆರಿಕದ ಕ್ಲಾರ್ಕ್ ಆಷ್ಟನ್ ಸ್ಮಿತ್ ಕತೆಗಳಲ್ಲಿ ಹುಟ್ಟಿದ ದೇವರು. ಕಪ್ಪೆಯಂಥ ಮೈಕಟ್ಟು, ಅದರಲ್ಲೇ ಒಂಚೂರು ಬಾವಲಿ, ಮೈಮೇಲೆ ಗಿಡ್ಡ ತುಪ್ಪಳ, ನಿದ್ದೆಗಣ್ಣು. ಸ್ಮಿತ್ ಅವನ ಬಗ್ಗೆ ಬರೆದ ಮೊದಲ ಕತೆ 'ವಿಯರ್ಡ್ ಟೇಲ್ಸ್' ಪತ್ರಿಕೆಯಲ್ಲಿ ಅಚ್ಚಾದದ್ದು 1931ರ ನವೆಂಬರ್‌ನಲ್ಲಿ. ಅದರ ಹಸ್ತಪ್ರತಿ ಓದಿ ಮೆಚ್ಚಿದ್ದ ಗೆಳೆಯ ಲವ್‌ಕ್ರಾಫ್ಟ್, ಅದೇ ವರ್ಷದ ಆಗಸ್ಟ್‌ನಲ್ಲಿ ಬಂದ ತಮ್ಮ ಕತೆಯಲ್ಲಿ ಆ ಹೆಸರನ್ನು ಆಗಲೇ ಬಳಸಿಬಿಟ್ಟಿದ್ದರು.

ಸ್ಮಿತ್ ಕಲ್ಲೂ ಕೆತ್ತುತ್ತಿದ್ದರು. 1930ರ ದಶಕದ ಮಧ್ಯದಿಂದ ಶುರು ಮಾಡಿ, ಕ್ಯಾಲಿಫೋರ್ನಿಯಾದ ಆಬರ್ನ್‌ನಲ್ಲಿ, ಮೆತ್ತನೆಯ ಕಲ್ಲುಗಳಲ್ಲಿ. ಇದು ಗೊತ್ತಾದ ಮೇಲೆ ನನಗೆ ಸುಮ್ನೆ ಕೂರಲು ಆಗಲಿಲ್ಲ. ಮೈಸೂರಿನಲ್ಲಿದ್ದು ಕಲ್ಲಿಗೆ ಬರವೇ? ಇಲ್ಲೇ ಹತ್ತಿರದ ಸೋಮನಾಥಪುರದ ಗುಡಿ ಪೂರ್ತಿ ಬಳಪದ ಕಲ್ಲಿನದು. ನೆಲದಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುವ ಕಲ್ಲು. ಹಾಗಾಗಿಯೇ ಹೊಯ್ಸಳರ ಕಾಲದವರು ಅದರಲ್ಲಿ ಸರದ ಒಂದೊಂದು ಮಣಿಯನ್ನೂ ಬಿಡಿಸಲು ಆಯಿತು. ನನ್ನ ಕಲ್ಲು ಅಂಗೈ ಮೇಲೆ ನಿಲ್ಲುವಷ್ಟು. ನೀರು ಹಾಕಿಕೊಂಡೇ ಉಜ್ಜುತ್ತೇನೆ. ಆ ಧೂಳು ಎದೆಗೆ ಒಳ್ಳೆಯದಲ್ಲ, ಮಾಸ್ಕ್ ಇಲ್ಲದೆ ಯಾರೂ ಕೂರಬೇಡಿ.

ನನ್ನನ್ನು ಹಿಡಿದು ಕೂರಿಸಿದ್ದು 1934ರ 'ದ ಸೆವೆನ್ ಗೇಸಸ್' ಕತೆ. ರಾಲಿಬಾರ್ ವೂಜ್ ಎಂಬ ದೊಡ್ಡ ಮನುಷ್ಯ ಬೇಟೆಗೆ ಹೋಗಿ, ಒಬ್ಬ ಮಾಂತ್ರಿಕನ ಕೆಲಸಕ್ಕೆ ಅಡ್ಡ ಬರುತ್ತಾನೆ. ಮಾಂತ್ರಿಕ ಸಿಟ್ಟಿನಲ್ಲಿ ಅವನ ಮೇಲೆ ಒಂದು ಕಟ್ಟು ಹಾಕುತ್ತಾನೆ: ಬೆಟ್ಟದ ಒಳಗೆ ಇಳಿದು ಹೋಗಿ ತ್ಸಾಥೊಗ್ಗುವಾಗೆ ನಿನ್ನನ್ನೇ ಒಪ್ಪಿಸಿಕೊ. ಇವನು ಹೋಗಿ ನಿಂತರೆ ದೇವರಿಗೆ ಹಸಿವಿಲ್ಲ. ಆಗಷ್ಟೇ ಒಂದು ಬಲಿ ತಿಂದು ಕೂತಿದ್ದಾನೆ. ಬೇಡ ಅಂತ ವಾಪಸ್ ಕಳಿಸುತ್ತಾನೆಯೇ? ಇಲ್ಲ. ತನ್ನದೊಂದು ಕಟ್ಟು ಹಾಕಿ, ಜೇಡದ ದೇವರು ಅಟ್ಲಾಕ್ ನಾಕಾ ಹತ್ತಿರ ಕಳಿಸುತ್ತಾನೆ. ಅದಕ್ಕೆ ಬಲೆ ನೇಯುವ ಕೆಲಸವೇ ಜಾಸ್ತಿ, ಇನ್ನೊಬ್ಬರ ಹತ್ತಿರ ದಾಟಿಸುತ್ತದೆ. ಕಚೇರಿಯಲ್ಲಿ ಟೇಬಲ್ಲಿಂದ ಟೇಬಲ್ಲಿಗೆ ಹೋಗುವ ಫೈಲಿನ ಹಾಗೆ ಜೀವಂತ ಮನುಷ್ಯ ಕೆಳಕೆಳಗೆ ಇಳಿಯುತ್ತಾ ಹೋಗುತ್ತಾನೆ. ಯಾರಿಗೂ ಅವನ ಮೇಲೆ ಹಗೆಯಿಲ್ಲ. ಓದುವಾಗ ನನ್ನ ಬೆನ್ನು ತಣ್ಣಗಾದದ್ದು ಅಲ್ಲೇ.

ನಮ್ಮ ಕಡೆ ಹರಕೆ ಹೊತ್ತರೆ ದೇವರು ಕೇಳಿಸಿಕೊಳ್ಳುತ್ತಾನೆ, ತೀರಿಸದಿದ್ದರೆ ಮುನಿಯುತ್ತಾನೆ. ಮುನಿಸಿದ್ದಲ್ಲಿ ಸಂಬಂಧ ಇದೆ ಅಲ್ವಾ? ತ್ಸಾಥೊಗ್ಗುವಾ ಜೊತೆಗೂ ಕೊಡು-ತಗೋ ಉಂಟು. 'ದ ಡೋರ್ ಟು ಸ್ಯಾಟರ್ನ್' ಕತೆಯಲ್ಲಿ ಈಬನ್ ಎಂಬ ಮಾಂತ್ರಿಕ ಅವನನ್ನು ಪೂಜಿಸುತ್ತಾನೆ. ಅದಕ್ಕೆ ಬದಲಾಗಿ ಸಿಕ್ಕಿದ ಲೋಹದ ಫಲಕವೇ ಬಾಗಿಲಾಗಿ, ಅವನು ಶತ್ರುಗಳಿಂದ ತಪ್ಪಿಸಿಕೊಂಡು ಶನಿಗ್ರಹಕ್ಕೆ ಹೋಗುತ್ತಾನೆ. ಆದರೆ ಈ ದೇವರು ಎಷ್ಟೇ ಹಸಿದರೂ ಕೂತ ಜಾಗ ಬಿಟ್ಟು ಏಳುವವನಲ್ಲ. ಬಲಿಯೇ ನಡೆದು ಬರಬೇಕು.

ಇದು ಕಲ್ಲಿನಲ್ಲಿ ಕಾಣಬೇಕು. ಅದಕ್ಕೇ ಕೋರೆಹಲ್ಲು, ಉಗುರು ಯಾವುದನ್ನೂ ಎತ್ತಿ ತೋರಿಸಿಲ್ಲ. ಎಡಗೈ ಹೊಟ್ಟೆಯ ಮೇಲಿದೆ. ಬಲಗೈ ತೊಡೆಯ ಮೇಲೆ, ಅಂಗೈ ಮೇಲಕ್ಕೆ. ಚಾಚಿಲ್ಲ, ತಂದರೆ ಇಡಿ ಅನ್ನುವಂತಿದೆ. ಈ ಕೈ ನನಗೆ ತುಂಬಾ ಇಷ್ಟವಾಗಿದೆ.

ಕಣ್ಣು ಮಾತ್ರ ಕಷ್ಟ ಕೊಟ್ಟಿತು. ಪರಿಚಯದ ಹಿರಿಯ ಶಿಲ್ಪಿಯೊಬ್ಬರ ಹತ್ತಿರ ಒಯ್ದೆ. ಅವರು ದೇವರ ಮೂರ್ತಿಗಳನ್ನೇ ಕೆತ್ತಿಕೊಂಡು ಬಂದವರು, ಕಣ್ಣು ಬಿಡಿಸುವುದನ್ನು ಕೊನೆಗೆ ಇಟ್ಟುಕೊಳ್ಳುವವರು. ತಿರುಗಿಸಿ ತಿರುಗಿಸಿ ನೋಡಿದರು. "ಪೂರ್ತಿ ಮುಚ್ಬೇಡಿ ಸಾರ್, ನಿದ್ದೆ ಮಾಡ್ದಂಗೆ ಆಯ್ತದೆ. ಕೆಳಗಿನ ರೆಪ್ಪೆ ಒಸಿ ದಪ್ಪ ಮಾಡಿ. ಉಂಡು ಕೂತಂಗೆ ಕಾಣ್ತದೆ" ಅಂದರು.

ಹಾಗೇ ಮಾಡಿದೆ. ಮೇಲಿನ ರೆಪ್ಪೆಯನ್ನು ಕಣ್ಣುಗುಡ್ಡೆಯ ಅರ್ಧಕ್ಕೆ ಇಳಿಸಿದೆ. ಕೆಳಗಿನದನ್ನು ಸಣ್ಣ ಅರದಲ್ಲಿ ಉಜ್ಜಿ ಉಬ್ಬಿಸಿದೆ, ಅದರ ಕೆಳಗೆ ಕೂದಲೆಳೆಯಷ್ಟು ಗೆರೆ ಎಳೆದೆ. ಬಲಗಣ್ಣು ಬಂದಿದೆ. ಎದುರಿಗೆ ಕೂತರೆ ಅವನು ನೋಡುತ್ತಿದ್ದಾನೆ, ಆದರೆ ನನ್ನನ್ನು ನೋಡಬೇಕು ಅಂತೇನೂ ಅಲ್ಲ. ನನಗೆ ಬೇಕಾಗಿದ್ದದ್ದು ಇದೇ.

ಎಡಗಣ್ಣು ಬಾಕಿ. ಆಮೇಲೆ ಬೆನ್ನಿನ ತುಪ್ಪಳ. ಅಲ್ಲಿ ಹಲ್ಲಿನ ಉಳಿಯ ಗುರುತನ್ನು ಹಾಗೇ ಬಿಟ್ಟು, ಹೊಟ್ಟೆಗೆ ಮಾತ್ರ ಪಾಲಿಶ್ ಕೊಟ್ಟು ಎಣ್ಣೆ ಸವರುತ್ತೇನೆ. ಎಣ್ಣೆ ಬಿದ್ದರೆ ಈ ಕಲ್ಲು ಚೆನ್ನಾಗಿ ಕಪ್ಪಾಗುತ್ತದೆ. ಮುಂದಿನದು ಅಟ್ಲಾಕ್ ನಾಕಾ. ಕಾಲುಗಳನ್ನು ಕಲ್ಲಿನಲ್ಲೇ ಬಿಡಿಸಲೋ ತಾಮ್ರದ ತಂತಿ ಕೂರಿಸಲೋ ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ. ಕಲ್ಲಿಗೆ ತಂತಿ ಕೂರಿಸಿ ಅಭ್ಯಾಸ ಇರುವವರು ಹೇಳಿ.