ಫಿಟ್ಸ್ ಅಲ್ಲದ ಫಿಟ್ಸ್‌ಗೆ ಡಿಪ್ರೆಶನ್ ಮಾತ್ರೆ

ನೋಡಿದರೆ ಥೇಟ್ ಫಿಟ್ಸ್. ಕೈಕಾಲು ಅದುರುತ್ತದೆ, ಕರೆದರೆ ಓಗೊಡುವುದಿಲ್ಲ. ಅದೇ ಹೊತ್ತಿನಲ್ಲಿ ವಿಡಿಯೋ ಇಇಜಿ (ವಿಡಿಯೋ ತೆಗೆಯುತ್ತಲೇ ಮಿದುಳಿನ ವಿದ್ಯುತ್ ಅಲೆ ದಾಖಲಿಸುವ ಪರೀಕ್ಷೆ) ತೆಗೆದರೆ ಮಾತ್ರ ಮೂರ್ಛೆರೋಗದ ಅಲೆಗಳೇ ಇರುವುದಿಲ್ಲ. ಇದು ಮನಸ್ಸಿನ ಕಡೆಯಿಂದ ಬರುವ ಸೆಳೆತ. ಹಾಗಂತ ನಾಟಕ ಅಲ್ಲ ಮಾರಾಯ್ರೇ! ಬೇಕೆಂದು ಮಾಡುವುದೂ ಅಲ್ಲ, ಬೇಡವೆಂದರೆ ನಿಲ್ಲುವುದೂ ಇಲ್ಲ. ಫಿಟ್ಸ್ ಮಾತ್ರೆ ಇದಕ್ಕೆ ನಾಟುವುದಿಲ್ಲ.

ಡಿಪ್ರೆಶನ್‌ಗೆ ಕೊಡುವ ಸರ್ಟ್ರಲಿನ್ ನಾಟಬಹುದಾ? ಅಮೆರಿಕದ ರೋಡ್ ಐಲೆಂಡ್‌ನ ಡಾ. ಕರ್ಟ್ ಲಾಫ್ರಾನ್ಸ್ ತಂಡ 12 ವಾರ ಕೊಟ್ಟು ನೋಡಿತು. 2010ರಲ್ಲಿ ಬಂದ ವರದಿ ಪ್ರಕಾರ ಮಾತ್ರೆ ತಗೊಂಡವರಲ್ಲಿ ಸೆಳೆತ ಶೇ 45ರಷ್ಟು ಇಳಿಯಿತು. ಸುಮ್ನೆ ಡಮ್ಮಿ ಮಾತ್ರೆ ನುಂಗಿದವರಲ್ಲಿ ಇಳಿಯಲೇ ಇಲ್ಲ. ಖುಷಿಯ ಸುದ್ದಿ ಅಲ್ವಾ? ಆದರೆ ಸೇರಿದವರೇ 38 ಜನ, ಅದರಲ್ಲೂ ಅರ್ಧ ದಾರಿಗೆ ಬಿಟ್ಟವರಿದ್ದರು.

2014ರಲ್ಲಿ ಅದೇ ತಂಡ ಇನ್ನೊಮ್ಮೆ ಪರೀಕ್ಷಿಸಿತು. ಈ ಸಲ ಕೈಹಿಡಿದದ್ದು ಸಿಬಿಟಿ, ಅಂದರೆ ಥೆರಪಿಸ್ಟ್ ಎದುರು ಕೂತು ಮಾಡುವ ಮಾತಿನ ಚಿಕಿತ್ಸೆ. ಅದರಿಂದ ಸೆಳೆತ ಅರ್ಧಕ್ಕರ್ಧ ತಗ್ಗಿತು. ಬರೀ ಮಾತ್ರೆಯಿಂದ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ.

ನನಗೇನೋ ಈ ಮಾತಿನ ಚಿಕಿತ್ಸೆಯೇ ಸರಿ ಅನ್ನಿಸುತ್ತದೆ. ಆದರೆ ಮಾತ್ರೆ ಬರೆಯಲು ಎರಡು ನಿಮಿಷ ಸಾಕು. ವಾರವಾರ ಗಂಟೆಗಟ್ಟಲೆ ಕೂತು ಕೇಳುವವರು ಎಷ್ಟು ಊರಲ್ಲಿ ಸಿಗುತ್ತಾರೆ?